ತುಂಬಿದ ಕ್ಯಾರಿಯರ್ ವಾಪಸ್

ಹಾಸನ
ಸೆಪ್ಟೆಂಬರ್ 23, ಮಂಗಳವಾರ
ರಾತ್ರಿ ಹನ್ನೊಂದು

ಅಮ್ಮಾ,

ನಲವತ್ತೂ ಕಾಲರ್ ಬಿಚ್ಚಿ ಮತ್ತೆ ಹೊಲಿ ಅಂದ್ಲು, ನಲವತ್ತೂ! ತಲೆಕೆಳಗೆ ಹೊಲಿದುಬಿಟ್ಟಿದ್ದೆ. ಸೂಪರ್‌ವೈಸರ್ ಪ್ರೇಮಕುಮಾರಿ ಇಡೀ ಲೈನಿಗೆ ಕೇಳೋ ಹಾಗೆ "ಏನೇ ಸ್ವರ್ಣ, ತಲೆ ಊರಲ್ಲೇ ಬಿಟ್ಟು ಬಂದಿದ್ದೀಯಾ?" ಅಂದ್ಲು. ಹೌದು, ಊರಲ್ಲೇ ಬಿಟ್ಟು ಬಂದಿದ್ದೀನಿ. ಭಾನುವಾರದಿಂದ ನನ್ನ ತಲೆ ಪಕ್ಕದ್ಮನೆ ಬೆಳ್ಳಮ್ಮ ದೊಡ್ಡಮ್ಮನ ಜಗಲಿ ಮೇಲೇ ಇದೆ. ಇರು, ಮೊದಲು ನಿನ್ನ ವಿಷಯ ಕೇಳಬೇಕು. ಪ್ರೀತಿಯ ಅಮ್ಮಾ, ಮಂಡಿನೋವು ಹೇಗಿದೆ? ಆ ಎಣ್ಣೆ ಹಚ್ಕೊಳ್ತಿದ್ದೀಯೋ, ಇಲ್ಲ ಅದನ್ನೂ ನೀನು ನೋಡ್ಕೊಳ್ಳೋ ಆ ಮನೆ ಅಜ್ಜಿಗೇ ತಿಕ್ಕಿ ಮುಗಿಸಿದೆಯೋ? ಕುವೈತಲ್ಲಿ ಸೆಕೆ ಕಮ್ಮಿಯಾಯ್ತಾ? ಹೊತ್ತಿಗೆ ಸರಿಯಾಗಿ ಊಟ ಮಾಡು. ಅಜ್ಜಿ ಪಕ್ಕದಲ್ಲೇ ಮಲಗಿರ್ತಾರೆ, ವಾಯ್ಸ್ ಮೆಸೇಜ್ ಜೋರಾಗಿ ಕೇಳೋಕಾಗಲ್ಲ ಅಂತೀಯಲ್ಲ, ಅದಕ್ಕೇ ನಾನು ಹೇಳ್ತಾ ಹೋಗ್ತೀನಿ, ಫೋನೇ ಬರ್ಕೊಳ್ಳುತ್ತೆ. ತಪ್ಪುಗಿಪ್ಪು ಇದ್ರೆ ಸರಿಮಾಡ್ಕೊಂಡು ಓದು. ಪಿ.ಜಿ. ಟೆರೇಸ್ ಮೇಲಿದ್ದೀನಿ, ಕೆಳಗೆ ರೂಮಲ್ಲಿ ಎಲ್ಲಾ ಮಲಗಿದ್ದಾರೆ. ನಾನು ಕೂಗಾಡಿದ್ರೂ ಯಾರಿಗೂ ಕೇಳಲ್ಲ.

ಅಣ್ಣ ನಿನಗೆ ಏನು ಹೇಳಿದ್ದಾನೋ ಗೊತ್ತಿಲ್ಲ. "ಸಣ್ಣ ವಿಷಯ, ಸ್ವರ್ಣ ದೊಡ್ಡದು ಮಾಡಿದ್ಲು" ಅಂದಿರ್ತಾನೆ. ಸಣ್ಣದಲ್ಲ ಅಮ್ಮಾ. ಕೋಮಲಾ ಅತ್ತಿಗೆಗೆ ಐದು ತಿಂಗಳು ತುಂಬಿದಾಗ ಚನ್ನರಾಯಪಟ್ಟಣದ ಬಾಡಿಗೆ ಮನೆ ಬಿಟ್ಟು ಇಬ್ಬರೂ ಊರಿಗೆ ಬಂದ್ರಲ್ಲ, ಒಳ್ಳೇದೇ ಆಯ್ತು, ತಾತನಿಗೂ ಜೊತೆಯಾಯ್ತು ಅಂತ ನೀನೂ ನಾನೂ ಖುಷಿಪಟ್ವಿ. ಬಂದ ಮೊದಲ ವಾರವೇ ಅಣ್ಣ, ಅವನ ಪ್ರಾರ್ಥನಾ ಕೂಟದಲ್ಲಿ ಪಟಗಿಟ ಕೂಡದು ಅಂತ, ನಡುಮನೆ ಗೋಡೆ ಮೇಲಿದ್ದ ಮಾತೆಯ ಪಟ ಇಳಿಸಿದ. ತಾತ ಅದನ್ನ ಎತ್ಕೊಂಡು ಹೋಗಿ ತನ್ನ ಮಂಚದ ತಲೆ ಹತ್ರ ಮೊಳೆ ಹೊಡೆದು ನೇತುಹಾಕಿದ, ದೀಪವನ್ನೂ ಅಲ್ಲಿಗೇ ಸಾಗಿಸಿದ. ಅವತ್ತಿಂದ ಭಾನುವಾರ ಬೆಳಗ್ಗೆ ತಾತ ಏಳೂವರೆ ಬಸ್ಸಿಗೆ ಚರ್ಚಿಗೆ ಹೋಗ್ತಾನೆ, ಅವನು ತಿರುಗಿ ಬರೋ ಹೊತ್ತಿಗೆ ನಡುಮನೇಲಿ ಅಣ್ಣನ ಪ್ರಾರ್ಥನಾ ಕೂಟದವರು ಕೀಬೋರ್ಡ್ ಜೋಡಿಸಿರ್ತಾರೆ. ತಾತ ಹಿತ್ತಿಲ ಬಾಗಿಲಿಂದ ಒಳಗೆ ಹೋಗ್ತಾನೆ. ತಾನು ಕಟ್ಟಿದ ಮನೆಗೆ ಹಿತ್ತಿಲ ಬಾಗಿಲಿಂದ! ಇಬ್ಬರೂ ಊಟಕ್ಕೆ ಮುಂಚೆ ಅದೇ ಯೇಸುವಿಗೇ ಕೈಮುಗಿಯೋದು, ಆದ್ರೆ ಒಬ್ಬರು ಮುಗಿಸೋವರೆಗೆ ಇನ್ನೊಬ್ಬರು ಶುರುಮಾಡಲ್ಲ, ಎಲ್ಲಿ ಆಮೆನ್ ಒಟ್ಟಿಗೆ ಬಂದುಬಿಡುತ್ತೋ ಅಂತ.

ಈ ಭಾನುವಾರ ಮಹಾಲಯ ಅಮಾವಾಸ್ಯೆ. ದೊಡ್ಡಮ್ಮನ್ನ ಒಂಟಿ ಮಾಡಿ ನಂಜಯ್ಯ ದೊಡ್ಡಪ್ಪ ಹೋಗಿ ಎಂಟು ತಿಂಗಳಾಯ್ತು, ಅವರಿಗೆ ಇದು ಮೊದಲನೇ ಎಡೆ. ಶನಿವಾರ ನಾನು ಬಸ್ಸಿಳಿದಾಗಲೇ ದೊಡ್ಡಮ್ಮನ ಹಿತ್ತಿಲಲ್ಲಿ ಕಜ್ಜಾಯ ಬೇಯೋ ವಾಸನೆ ಬೀದಿಗೆಲ್ಲಾ ಬಡೀತಿತ್ತು. "ಬಂದ್ಯಾ ಮಗ? ನಿಮ್ ದೊಡ್ಡಪ್ಪಂಗೆ ಕರ್ರಗಾಗಂಗೆ ಬೇಯಿಸ್ಬೇಕು ಕಣೆ, ಇಲ್ದಿದ್ರೆ ಮೇಲಿಂದ್ಲೇ ಬೈತಾರೆ" ಅಂದ್ಲು. ನಗ್ತಾನೇ ಅಂದ್ಲು, ಕಣ್ಣು ಹೊಗೆಗೆ ಕೆಂಪಾಗಿತ್ತೋ ಅಳುವಿಗೋ ನಾನು ಕೇಳಲಿಲ್ಲ. ಅತ್ತಿಗೆ ಆ ವಾಸನೆ ಹಿಡಿದು ರಾತ್ರಿಯೆಲ್ಲಾ ಹೊರಳಾಡಿದ್ಲು. ಬಸುರಿ ಬಯಕೆ, ಬಾಯಿಬಿಟ್ಟು ಹೇಳೋ ಹಾಗಿಲ್ಲ ಅಂದ್ಕೊಂಡೆ.

ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ದೊಡ್ಡಮ್ಮ ಬಂದ್ಲು. ಕೈಲಿ ನೀನು ಮೊದಲನೇ ರಜೆಗೆ ಬಂದಾಗ ಅವಳಿಗೆ ತಂದುಕೊಟ್ಟ ಅದೇ ನಾಲ್ಕು ಅಂತಸ್ತಿನ ಕ್ಯಾರಿಯರ್. ಕ್ರಿಸ್‌ಮಸ್‌ಗೆ ನಮ್ಮನೆಯಿಂದ ಕೋಳಿಸಾರು, ಅಚ್ಚುಮುರುಕು ತುಂಬ್ಕೊಂಡು ಹೋಗುತ್ತೆ, ಹಬ್ಬಕ್ಕೆ ಅವರ ಮನೆಯಿಂದ ತುಂಬ್ಕೊಂಡು ಬರುತ್ತೆ. ಎರಡು ಮನೆ ಮಧ್ಯೆ ಅದು ತಿರುಗಿದಷ್ಟು ಅರಕಲಗೂಡು ಬಸ್ಸೂ ತಿರುಗಿಲ್ಲ. ಬರಿದು ಮಾತ್ರ ಯಾವತ್ತೂ ಹೋಗಿಲ್ಲ. ತೊಳೆದು ಕೊಡೋವಾಗ ಒಂದು ಹಿಡಿ ಸಕ್ಕರೆನೋ ಒಂದು ಉಂಡೆ ಬೆಲ್ಲನೋ ಹಾಕದೆ ಕೊಟ್ರೆ ನೀನು ರಜೆಗೆ ಬಂದಾಗಲೂ ನನ್ನ ಕಿವಿ ಹಿಂಡ್ತಿದ್ದೆ, ನೆನಪಿದೆಯಾ? ಕೂಟದ ಹಾಡು ನಡೀತಿತ್ತು ಅಂತ ದೊಡ್ಡಮ್ಮ ಒಳಗೆ ಬರಲಿಲ್ಲ. ಹೊಸಲಾಚೆ ನಿಂತು ಕ್ಯಾರಿಯರ್ ನನ್ನ ಕೈಗಿಟ್ಟು "ಮೇಲಿಂದ್ರಲ್ಲಿ ಕಜ್ಜಾಯ ಐತೆ, ನಿಮ್ ಅತ್ಗೆಗೆ ಕೊಡು. ಬಸುರಿ ಎಂಗ್ಸು, ಆಸೆ ಇಟ್ಕೋಬಾರ್ದು" ಅಂದು, ಮನೇಲಿ ನೆಂಟರಿದ್ದಾರೆ ಅಂತ ಹಾಗೇ ಹೋದ್ಲು.

ಕೂಟ ಮುಗಿದು ಎಲ್ಲಾ ಹೋದ ಮೇಲೆ ಅಣ್ಣ ಅಡುಗೆಮನೆಗೆ ಬಂದ. ಕ್ಯಾರಿಯರ್ ನೋಡಿದ. "ಇದು ಸತ್ತೋರಿಗೆ ಇಟ್ಟ ಎಡೆ. ಈ ಮನೇಲಿ ಯಾರೂ ಮುಟ್ಟೋ ಹಾಗಿಲ್ಲ" ಅಂದ. ನಾನು ಅಂದೆ, ಹುಟ್ಟಿದಾಗಿಂದ ತಿಂದಿದ್ದೀವಲ್ಲೋ, ನಿನ್ನ ಮೈಯಲ್ಲಿ ಅರ್ಧ ಮಾಂಸ ಬೆಳೆದಿದ್ದೇ ದೊಡ್ಡಮ್ಮನ ಹಬ್ಬದೂಟದಲ್ಲಿ ಅಂತ. "ಅವಾಗ ಬೆಳಕಿರ್ಲಿಲ್ಲ, ಈಗ ಐತೆ" ಅಂದ. ನೋಡು ಅಮ್ಮಾ, ಅಪ್ಪ ತೀರಿಕೊಂಡಾಗ ಚರ್ಚಿನ ಸ್ವಾಮಿಗಳು ಬರೋವರೆಗೆ ಗುಂಡಿ ತೋಡಿ ಕಾದಿದ್ದು ಯಾರು? ನಂಜಯ್ಯ ದೊಡ್ಡಪ್ಪ. ಚರ್ಚ್ ಒಳಗೆ ಮಾತ್ರ ಬರಲಿಲ್ಲ, "ನಂದು ಇಲ್ಲಿಗಂಟ ಕಣವ್ವ" ಅಂದು ಚಪ್ಪಲಿ ಬಿಟ್ಟು ಬಾಗಿಲಲ್ಲಿ ಕೈಮುಗಿದು ನಿಂತಿದ್ರು. ಪೂಜೆ ಮುಗಿಯೋವರೆಗೂ ನಿಂತಿದ್ರು. ಅವರು ಒಳಗೆ ಬರಲಿಲ್ಲ ಅಂತ ನಮಗ್ಯಾರಿಗಾದ್ರೂ ಬೇಜಾರಾಯ್ತಾ? ಅಂಥವರ ಮೊದಲನೇ ಎಡೆ ದಿನ, ಇವನಿಗೆ ಬೆಳಕು ಬಂತಂತೆ.

ಅಷ್ಟೊತ್ತಿಗೆ ತಾತ ಎದ್ದು ಬಂದ. ನಿನ್ನ ಮಾವ ಹೇಗೆ ಮಾತಾಡ್ತಾನೆ ಗೊತ್ತಲ್ಲ, ಕೋಲು ನೆಲಕ್ಕೆ ಕುಟ್ಕೊಂಡು: "ಲೇ ರಜನೀಸ, ನಾನ್ ಜ್ಞಾನಸ್ನಾನ ಮಾಡ್ಸ್ಕೊಂಡ ಶೆಟ್ಟಿಹಳ್ಳಿ ಚರ್ಚು ವರ್ಸ ವರ್ಸ ನೀರಲ್ಲಿ ಮುಳುಗ್ತದೆ, ಏಳ್ತದೆ. ಅದುಕ್ಕೇ ಕೆಡ್ದಿರೋ ನನ್ ಧರ್ಮ ಒಂದು ಕಜ್ಜಾಯುಕ್ಕೆ ಕೆಟ್ಟೋಯ್ತದೇನ್ಲಾ?" ನನಗೆ ನಗು ಬಂತು. ಅಣ್ಣನಿಗೆ ಬರಲಿಲ್ಲ. ಅವನು ಬೈಬಲ್ ವಾಕ್ಯ ತೆಗೆದ, ತಾತ ಇನ್ನೊಂದು ವಾಕ್ಯ ತೆಗೆದ. ಅಲ್ಲಿಂದ ಮಾತು ಕಜ್ಜಾಯ ಬಿಟ್ಟು ಎಲ್ಲೆಲ್ಲಿಗೋ ಹೋಯ್ತು. ಜಪಸರ ಯಾಕೆ, ತಾಳಿ ಯಾಕೆ, ಹೂ ಯಾಕೆ, ಅಪ್ಪನ ಸಮಾಧಿ ಮೇಲೆ ಮೇಣದಬತ್ತಿ ಹಚ್ಚೋದಕ್ಕೂ ಎಡೆ ಇಡೋದಕ್ಕೂ ಏನು ವ್ಯತ್ಯಾಸ, ನವೆಂಬರ್ ಎರಡರ ಸತ್ತವರ ಹಬ್ಬಕ್ಕೆ ಸಮಾಧಿಗೆ ನಾನು ಬರಲ್ಲ ಅಂತ ಅಣ್ಣ. "ನನ್ನ ಹೂಳ್ವಾಗ ಕೈಗೆ ಜಪಸರ ಸುತ್ತುಲಿಲ್ಲ ಅಂದ್ರೆ ಎದ್ದು ಬತ್ತೀನಿ, ನಿನ್ ಕೀಬೋರ್ಡ್ ಮ್ಯಾಲೇ ಕುಂತ್ಕೋತೀನಿ" ಅಂತ ತಾತ. ಅಣ್ಣ ಹೊಳೆನರಸೀಪುರದ ಚಿಕ್ಕಪ್ಪನಿಗೆ ಫೋನ್ ಹಚ್ಚಿದ. ಅವರದು ಎಲ್ಲರಿಗಿಂತ ಜಾಣತನ: "ಯಾಕೆ ಜಗಳ? ನಗ್ತಾ ಇಸ್ಕೊಳ್ಳಿ, ಹಿಂದಿಂದ ಹಸುಗೆ ಹಾಕಿ. ಅವರಿಗೂ ಬೇಜಾರಿಲ್ಲ, ನಿಮಗೂ ದೋಷ ಇಲ್ಲ." ಅಮ್ಮಾ, ನನಗೆ ಅಣ್ಣನ ಮೇಲೆ ಬಂದ ಸಿಟ್ಟಿಗಿಂತ ಹತ್ತು ಪಟ್ಟು ಸಿಟ್ಟು ಚಿಕ್ಕಪ್ಪನ ಮೇಲೆ ಬಂತು. ಅಣ್ಣ ನಂಬಿ ಬೇಡ ಅಂದ, ತಾತ ನಂಬಿ ಬೇಕು ಅಂದ. ಈ ಮನುಷ್ಯ ದೊಡ್ಡಮ್ಮನ ಮುಖದ ಮುಂದೆ ನಗೋದನ್ನ ನಮಗೆ ಕಲಿಸೋಕೆ ಬಂದ.

ಕೊನೆಗೆ ಅಣ್ಣ ಅಂದಿದ್ದು, ಇದು ನನಗೋಸ್ಕರ ಅಲ್ಲ, ಕೋಮಲಾಗೋಸ್ಕರ ಅಂತ. "ಅವಳು ಅದನ್ನೆಲ್ಲಾ ಬಿಟ್ಟು ಬಂದವಳು. ಅವಳ ಕಣ್ಮುಂದೆ ಈ ಮನೇಲಿ ಎಡೆ ತಿಂದ್ರೆ ಅವಳ ಮನಸ್ಸು ಏನಾಗ್ಬೇಕು?" ಅತ್ತಿಗೆ ಬಾಗಿಲ ಸಂದಿಯಲ್ಲಿ ಹೊಟ್ಟೆ ಹಿಡ್ಕೊಂಡು ನಿಂತಿದ್ಲು. ಅವಳ ಮುಖ ಯಾರೂ ನೋಡಲಿಲ್ಲ. ಅವಳ ಹೆಸರು ಬಂದ ಮೇಲೆ ತಾತನೂ ಕೋಲು ಹಿಡ್ಕೊಂಡು ಒಳಗೆ ಹೋಗಿ ಬಾಗಿಲು ಹಾಕ್ಕೊಂಡ. ಮೂರು ಗಂಟೆಗೆ ಕ್ಯಾರಿಯರ್ ವಾಪಸ್ ಹೋಯ್ತು. ಹೇಗೆ ಬಂದಿತ್ತೋ ಹಾಗೇ, ಸಾರು, ವಡೆ, ಪಾಯಸ, ಕಜ್ಜಾಯ, ಒಂದಂತಸ್ತೂ ಬಿಚ್ಚದೆ ತುಂಬಿದ್ದು ತುಂಬಿದ ಹಾಗೆ. ನಮ್ಮ ಬೀದಿಯಲ್ಲಿ ಯಾರಾದ್ರೂ ಯಾರಿಗಾದ್ರೂ ಹೀಗೆ ಮಾಡಿದ್ದು ಕೇಳಿದ್ದೀಯಾ? ಜಗಳ ಆಡಿ ಹತ್ತು ವರ್ಷ ಮಾತು ಬಿಟ್ಟೋರೂ ಹಬ್ಬದೂಟ ವಾಪಸ್ ಕಳಿಸಿಲ್ಲ.

ದೊಡ್ಡಮ್ಮ ಏನಂದ್ಲು ಗೊತ್ತಾ? ಬೈಲಿಲ್ಲ. ಕೈಗೆ ತಗೊಂಡ ತಕ್ಷಣ ತೂಕದಲ್ಲೇ ಗೊತ್ತಾಯ್ತು ಅವಳಿಗೆ. ಜಗಲಿ ಮೇಲೆ ಕೂತು ಕ್ಯಾರಿಯರ್ ತೊಡೆ ಮೇಲೆ ಇಟ್ಕೊಂಡ್ಲು, ಮಗುನ ಇಟ್ಕೊಂಡ ಹಾಗೆ. ಆಮೇಲೆ ಮೆಲ್ಲಗೆ ಹೇಳಿದ್ಲು: "ಇದು ಎಡೆದಲ್ಲ ಕಣ್ಮಗ. ಎಡೆ ಇಕ್ಕೋಕ್ ಮುಂಚೆನೇ ಎತ್ತಿಟ್ಟಿದ್ದು. ಇವತ್ತಲ್ಲ, ಇಪ್ಪತ್ತಾರು ವರ್ಸದಿಂದ್ಲೂ ಅಂಗೆಯ. ನಿಮ್ಮವ್ವ ಲೂರ್ದು ಮದ್ವೆಯಾಗಿ ಬಂದ ವರ್ಸ ಬೋರ್‌ವೆಲ್ ತಾವ ನೀರಿಗೆ ನಿಂತಿದ್ದಾಗ ಕೇಳಿದ್ಲು, 'ಅಕ್ಕಾ, ನೀವು ಕೊಟ್ರೆ ನಂಗೆ ತಿನ್ನೋ ಆಸೆ, ಆದ್ರೆ ಇಟ್ಟಿದ್ದು ತಿನ್ನೋಕೆ ನನ್ ಮನ್ಸು ಒಪ್ಪಾಕಿಲ್ಲ, ಏನ್ಮಾಡ್ಲಿ' ಅಂತ. ಅದುಕ್ಕೇನಂತೆ ಅಂದೆ. ನಿಮ್ ಪಾಲು ಮೊದ್ಲೇ ತಗ್ದಿಡ್ತೀನಿ ಅಂದೆ. ನಮ್ಮತ್ತೆ ಬಾಯ್ಗೆ ಬಂದಂಗೆ ಬಯ್ದ್ರು, ಸತ್ತ ದೊಡ್ಡೋರಿಗಿಂತ ಮುಂಚೆ ಯಾರಿಗೆ ಎತ್ತಿಡ್ತೀಯೆ ಅಂತ. ನಿಮ್ ದೊಡ್ಡಪ್ಪನೇ ಅಂದಿದ್ದು, ಓಗ್ಲಿ ಬುಡವ್ವ, ದೊಡ್ಡೋರು ಅಷ್ಟಕ್ಕೆಲ್ಲಾ ಮುನಿಸ್ಕೊಳಾಕಿಲ್ಲ ಅಂತ." ಆಮೇಲೆ ಒಳಗೆ ಎಡೆ ಇಟ್ಟಿದ್ದ ಕಡೆ ನೋಡಿ ಅಂದ್ಲು: "ಈ ವರ್ಸ ಅವ್ರಿಗೇ ಮೊದ್ಲ ಎಡೆ. ಅವ್ರಿಗೂ ಮುಂಚೆ ನಿಮ್ದು ಎತ್ತಿಟ್ಟೆ ಕಣೆ."

ಇದನ್ನ ನಾನು ಮನೇಲಿ ಹೇಳಿದೆ. ಹೇಳಲಿಲ್ಲ, ಕಿರುಚಿದೆ. ತಾತನಿಗೆ ಮೊದಲು ಖುಷಿಯಾಯ್ತು, ಆಮೇಲೆ ಮುಖ ಇಳಿದೋಯ್ತು. "ಅಂಗಾರೆ ಇಷ್ಟ್ ವರ್ಸ ನಾನ್ ಎಡೆ ತಿಂದೇ ಇಲ್ವಾ?" ಅಂತ. ನಾನು ದೊಡ್ಡ ಮನಸ್ಸಿನವನು, ನನಗೆ ಭೇದ ಇಲ್ಲ ಅಂತ ಇಪ್ಪತ್ತಾರು ವರ್ಷ ಮೀಸೆ ತಿರುವಿದ್ದೆಲ್ಲಾ ನೀರಲ್ಲಿ ಹೋಯ್ತು ಪಾಪ. ಅಣ್ಣ "ಹಾಗಂತ ಮೊದಲೇ ಹೇಳ್ಬೇಕಿತ್ತು" ಅಂದ. ಯಾರು ಹೇಳ್ಬೇಕಿತ್ತಂತೆ? ಕೇಳದವನಿಗೆ ಯಾರು ಹೇಳ್ತಾರೆ?

ಆದ್ರೆ ನನ್ನ ಬಾಯಿ ಮುಚ್ಚಿಸಿದ್ದು ಅತ್ತಿಗೆ. ಅವಳು ಜೋರಾಗಿ ಮಾತಾಡಿದ್ದು ನಾನು ಅವತ್ತೇ ಕೇಳಿದ್ದು. "ನನ್ನ ಹೆಸರು ಹೇಳ್ಕೊಂಡು ಎಲ್ಲಾ ಆಯ್ತು, ನನ್ನನ್ನ ಒಬ್ಬರಾದ್ರೂ ಕೇಳಿದ್ರಾ?" ಅಂದ್ಲು. ಅವಳಿಗೆ ಎಡೆ ಅಂದ್ರೆ ನಿಜವಾಗ್ಲೂ ಭಯ ಅಮ್ಮಾ. ಅವಳ ತವರಲ್ಲಿ, ಅವಳಿಗೆ ಹನ್ನೊಂದು ವರ್ಷ ಇದ್ದಾಗ, ಎಡೆಗೆ ಮುಂಚೆ ಒಂದು ವಡೆ ಕದ್ದು ತಿಂದ್ಲಂತೆ. ಅದೇ ತಿಂಗಳು ಅವಳ ತಮ್ಮ ಜ್ವರ ಬಂದು ತೀರಿಹೋದ. ನೀನು ತಿಂದಿದ್ದಕ್ಕೇ ದೊಡ್ಡೋರು ಮುನಿಸ್ಕೊಂಡ್ರು ಅಂತ ಅವಳ ದೊಡ್ಡಪ್ಪ ಅಂದುಬಿಟ್ರಂತೆ, ಹನ್ನೊಂದು ವರ್ಷದ ಹುಡುಗಿಗೆ. ಆ ಮಾತಿಂದ ತಪ್ಪಿಸ್ಕೊಂಡು ಅವಳು ಯೇಸು ಹತ್ರ ಬಂದಿದ್ದು. "ನಾನು ತಿಂತಿರ್ಲಿಲ್ಲ. ನನಗೆ ಗಂಟಲಲ್ಲಿ ಇಳೀತಿರ್ಲಿಲ್ಲ. ಆದ್ರೆ ನಾನೇ ಆ ಅಮ್ಮನ ಕೈಹಿಡಿದು ಹೇಳ್ತಿದ್ದೆ. ಅವರು ನನಗೋಸ್ಕರ ಅವರ ಯಜಮಾನ್ರಿಗಿಂತ ಮುಂಚೆ ಎತ್ತಿಟ್ಟಿದ್ರು ಅಂತ ಗೊತ್ತಿದ್ರೆ…" ಅಂದು ಮಾತು ಮುಗಿಸದೆ ಅತ್ಲು. ನಾನು ಇಷ್ಟು ದಿನ ಅವಳನ್ನ ಅಣ್ಣನ ಪಕ್ಷದವಳು ಅಂದ್ಕೊಂಡಿದ್ದೆ.

ಈಗ ನಿನ್ನ ಸರದಿ. ಹೌದು, ನಿನ್ನ ಮೇಲೂ ಸಿಟ್ಟಿದೆ. ಒಂದು ಮಾತು, ಒಂದೇ ಒಂದು ಮಾತು ನಮಗೆ ಹೇಳಿದ್ರೆ ಏನಾಗ್ತಿತ್ತು? ನಿನಗೂ ಒಂದು ಗೆರೆ ಇತ್ತು ಅಂತ ನನಗೆ ಇಪ್ಪತ್ತಮೂರು ವರ್ಷ ಗೊತ್ತೇ ಇರಲಿಲ್ಲ. ನೀರಿಗೆ ನಿಂತಾಗ ಒಂದು ಸಲ ಕೇಳಿದೆ, ಮುಗೀತು, ಜೀವನಪೂರ್ತಿ ಎರಡೂ ಕೈ ಚಾಚಿ ಇಸ್ಕೊಂಡೆ. ನಾವು ಕೂಗಾಡಿ, ವಾಕ್ಯ ತೆಗೆದು, ಫೋನ್ ಹಚ್ಚಿ, ಕೊನೆಗೆ ಮಾಡಿದ್ದು ಇದು. ಮುಂದಿನ ವಾರ ಬುಧವಾರ ಫ್ಯಾಕ್ಟರೀಲಿ ಆಯುಧಪೂಜೆ. ನಾನು ಮೆಷಿನ್ ಒರೆಸ್ತೀನಿ, ಬಾಳೆಕಂದು ಕಟ್ತೀನಿ, ಪುರಿ ತಿಂತೀನಿ, ಹಣೆಗೆ ಕುಂಕುಮ ಮಾತ್ರ ಬೇಡ ಅಂತೀನಿ. ಪ್ರೇಮಕುಮಾರಿ ಪ್ರತಿ ವರ್ಷ ಗೊಣಗ್ತಾಳೆ. ಯಾಕೆ ಅಂತ ಅವಳು ಕೇಳಿಲ್ಲ, ನಾನೂ ಹೇಳಿಲ್ಲ, ಮುಖ ಆಕಡೆ ತಿರುಗಿಸ್ಕೊಂಡು ನಿಲ್ತೀನಿ ಅಷ್ಟೇ. ನಾನೂ ಅಣ್ಣನ ತಂಗಿನೇ ನೋಡು. ಈ ಸಲ ಊಟದ ಬಿಡುವಲ್ಲಿ ಅವಳ ಪಕ್ಕ ಕೂತು ಹೇಳೋಣ ಅಂತಿದ್ದೀನಿ. ಹೇಗೆ ಶುರುಮಾಡೋದು ಅಂತ ನೀನೇ ಹೇಳಿಕೊಡು.

ಸೋಮವಾರ ಬೆಳಗ್ಗೆ ನಾನು ಬಸ್ಸಿಗೆ ಹೊರಟಾಗ ದೊಡ್ಡಮ್ಮನ ಬಾಗಿಲು ಹಾಕಿತ್ತು. ಅವಳ ಬಾಗಿಲು ಹಗಲು ಹೊತ್ತು ಹಾಕಿದ್ದು ನೀನು ಯಾವತ್ತಾದ್ರೂ ನೋಡಿದ್ದೀಯಾ? ಮಗ ನಂಜುಂಡೇಶ್ ಗೇಟ್ ಹತ್ರ ಸಿಕ್ಕಿದವನು ನನ್ನ ನೋಡಿ ತಲೆ ತಗ್ಗಿಸ್ಕೊಂಡು ಹೋದ. "ಓಯ್ ಹಾಸನದ ಮೇಡಮ್ಮು" ಅನ್ನಲಿಲ್ಲ. ಡಿಸೆಂಬರಿಗೆ ನೀನು ಬಂದಾಗ ಆ ಬಾಗಿಲು ಹಾಗೇ ಹಾಕಿದ್ರೆ ನಾನು ನಿನ್ನ ಮುಖ ಹೇಗೆ ನೋಡಲಿ? ಹತ್ತು ವರ್ಷದವಳನ್ನ ಬಿಟ್ಟು ನೀನು ವಿಮಾನ ಹತ್ತಿದಾಗ ನನಗೆ ಜಡೆ ಹಾಕಿದ್ದು ದೊಡ್ಡಮ್ಮನ ಕೈ.

ಅಜ್ಜಿಗೆ ನನ್ನ ನಮಸ್ಕಾರ ಹೇಳು, ಅವರಿಗೆ ಅರ್ಥವಾಗದಿದ್ರೂ ಹೇಳು. ಮಲಗೋ ಮುಂಚೆ ಮಂಡಿಗೆ ಬಿಸಿನೀರು ಕೊಟ್ಕೋ. ಮಾತೆಯ ನೆರಳು ನಿನ್ನ ಮೇಲಿರಲಿ. ಅಣ್ಣ ಓದಿದ್ರೆ ಅವನಿಗೋಸ್ಕರ ತಿದ್ದಿ ಹೇಳ್ತೀನಿ, ದೇವರ ನೆರಳು ನಿನ್ನ ಮೇಲಿರಲಿ.

ಸಿಟ್ಟಲ್ಲೂ ನಿನ್ನವಳೇ,
ಸ್ವರ್ಣ

ತಾಜಾಕಲಂ: ಅಮ್ಮಾ, ಎಲ್ಲಾ ಹೇಳಿದೆ, ಒಂದು ಹೇಳಲಿಲ್ಲ. ಕ್ಯಾರಿಯರ್ ವಾಪಸ್ ಹೋಯ್ತು ಹೋಯ್ತು ಅಂದೆ. ಅದಕ್ಕೇನು ಕಾಲಿದೆಯಾ? ಹೊತ್ಕೊಂಡು ಹೋಗಿದ್ದು ನಾನೇ. ಅಣ್ಣ "ನೀನೇ ಕೊಟ್ಟು ಬಾ" ಅಂದ, ನಾನು ಎಲ್ಲರನ್ನೂ ಬೈಕೊಂಡೇ ಎತ್ಕೊಂಡೆ. ಆಗಲ್ಲ ಅನ್ನಬಹುದಿತ್ತು, ಅನ್ನಲಿಲ್ಲ. ಅಡುಗೆಮನೆ ಹೊಸಲು ದಾಟೋವಾಗ ಕೈ ತಾನಾಗೇ ಸಕ್ಕರೆ ಡಬ್ಬಕ್ಕೆ ಹೋಯ್ತು. ಪೇಪರಲ್ಲಿ ಒಂದು ಹಿಡಿ ಸಕ್ಕರೆ ಪೊಟ್ಟಣ ಕಟ್ಟಿ, ತುಂಬಿದ ಕ್ಯಾರಿಯರಿನ ಮುಚ್ಚಳಕ್ಕೆ ಸಿಕ್ಕಿಸ್ಕೊಂಡು ಹೋದೆ, ಬರಿದು ಕೊಡಬಾರದು ಅಂತ ನೀನು ಕಲಿಸಿದ್ದೆಯಲ್ಲ! ದೊಡ್ಡಮ್ಮ ಅದನ್ನ ನೋಡಿ "ತುಂಬಿರೋದುಕ್ಕೂ ಸಕ್ರೆ ಇಕ್ಕಿದ್ದೀಯಲ್ಲೇ, ಪೆದ್ದಿ" ಅಂದು ನಕ್ಕುಬಿಟ್ಲು, ಆಮೇಲೆ ಸೆರಗು ಬಾಯಿಗೆ ಒತ್ಕೊಂಡ್ಲು. ಪೊಟ್ಟಣ ಮಾತ್ರ ವಾಪಸ್ ಕೊಡಲಿಲ್ಲ, ಸೊಂಟಕ್ಕೆ ಸಿಕ್ಕಿಸ್ಕೊಂಡ್ಲು. ಅದೊಂದನ್ನ ನಂಬ್ಕೊಂಡು ಹೋಗ್ತಿದ್ದೀನಿ. ಶುಕ್ರವಾರ ನಿನಗೆ ರಜೆ ತಾನೇ? ನಾನು ಅರ್ಧ ದಿನ ರಜಾ ಹಾಕಿ ಊರಿಗೆ ಹೋಗ್ತೀನಿ, ಅತ್ತಿಗೆನೂ ನನ್ನ ಜೊತೆ ಬರ್ತೀನಿ ಅಂದಿದ್ದಾಳೆ. ಬಾಗಿಲು ತೆಗೆದ್ರೂ ತೆಗೀದಿದ್ರೂ ಆ ಜಗಲಿ ಮೇಲೇ ಕೂತಿರ್ತೀವಿ. ನಿನ್ನ ಗಡಿಯಾರದಲ್ಲಿ ಮೂರೂವರೆಗೆ, ನಮಗೆ ಸರಿಯಾಗಿ ಸಂಜೆ ಆರಕ್ಕೆ, ಫೋನ್ ಮಾಡು. ನನಗಲ್ಲ, ದೊಡ್ಡಮ್ಮನ ಫೋನಿಗೆ.